ಮೂರನೆಯ ಹೆಸರು

ಚಾವಿ ಬಾಗಿಲ ಹಿಂದೆ ನಿಂತಿತ್ತು. ನೆಲಕ್ಕೆ ಊರಿದರೆ ನನ್ನ ಎದೆಯವರೆಗೆ ಬರುವ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕಾಕಾರದ ಬಾಯಿ. ರಸ್ತೆಯ ಗುಂಡಿಗಳೊಳಗಿರುವ ವಾಲ್ವುಗಳನ್ನು ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ನನ್ನ ಗಂಡನ ಕೆಲಸವಾಗಿತ್ತು. ಅವನು ಹೋಗಿ ಏಳು ತಿಂಗಳಾದರೂ ನೀರಿನ ಕಚೇರಿಯವರು ಚಾವಿಯನ್ನು ವಾಪಸು ಕೇಳಿರಲಿಲ್ಲ. ನಾವೂ ಕೊಟ್ಟಿರಲಿಲ್ಲ. ಅತ್ತೆ ವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಒರೆಸುತ್ತಿದ್ದರು.

ಪಾಸ್ಟರು ಬಂದದ್ದು ಮಂಗಳವಾರ ಸಂಜೆ ನಾಲ್ಕಕ್ಕೆ. ಚಹಾ ಕುಡಿದರು. ಬಿಸಿಲಿನ ಬಗ್ಗೆ ಮಾತಾಡಿದರು. ನಾಲ್ಕೂವರೆಗೆ ವಿಷಯಕ್ಕೆ ಬಂದರು.

"ಚಾವಿ ಬೇಕಿತ್ತು, ಸಿಸ್ಟರ್. ಗುರುವಾರದಿಂದ ತೊಟ್ಟಿ ತುಂಬಿಸ್ಬೇಕು."

"ತಗೊಂಡು ಹೋಗಿ."

ಅವರು ಏಳಲಿಲ್ಲ. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತರು.

"ಟೈಲರ್ ತಾತನಿಗೆ ಬರೋ ಮಂಗಳವಾರ ಆಪರೇಷನ್. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರಂತೆ. ಕತ್ತಲ್ಲಿ ಒಂದು ತೂತು ಮಾಡಿ, ಇನ್ಮೇಲೆ ಅದರಲ್ಲೇ ಉಸಿರಾಟ. ಆಮೇಲೆ ಅವರು ನೀರಲ್ಲಿ ಮುಳುಗೋ ಹಾಗೇ ಇಲ್ಲ. ತೂತಿಗೆ ನೀರು ಹೋದ್ರೆ ಮುಗೀತು."

ಅತ್ತೆಯ ಕ್ರೈಸ್ತ ಸಭೆಯಲ್ಲಿ ಎಳೆ ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ದೊಡ್ಡವರಾದ ಮೇಲೆ, ತಾವಾಗಿ ಹೆಸರು ಕೊಟ್ಟು, ಎಲ್ಲರೆದುರು 'ನಂಬುತ್ತೇನೆ' ಎಂದು ಬಾಯಿಬಿಟ್ಟು ಹೇಳಿ, ತಲೆ ಪೂರ್ತಿ ಮುಳುಗಿ ಏಳಬೇಕು. ವೇದಿಕೆಯ ಹಲಗೆಗಳನ್ನು ತೆಗೆದರೆ ಕೆಳಗೆ ಸಿಮೆಂಟಿನ ತೊಟ್ಟಿ. ಅದು ತುಂಬಲು ಮೂರು ಬೆಳಗು ಬೇಕು. ಬೀದಿಯ ನೀರಿನ ಹೊತ್ತು ಐದೂಕಾಲಿನಿಂದ ಏಳರವರೆಗೆ ಮಾತ್ರ; ಆ ಹೊತ್ತಿನಲ್ಲಿ ತೊಟ್ಟಿಯ ವಾಲ್ವ್ ತೆರೆದರೆ ಬೀದಿಯ ಕೊನೆಯ ಹನ್ನೊಂದು ಮನೆಗಳ ನಲ್ಲಿಯಲ್ಲಿ ಗಾಳಿ ಬರುತ್ತದೆ. ಹಿಂದೊಮ್ಮೆ ಒಬ್ಬರೇ ಒಬ್ಬರಿಗಾಗಿ ತೊಟ್ಟಿ ತುಂಬಿಸಿ ದೊಡ್ಡ ಜಗಳವಾಗಿತ್ತು. ಕೊನೆಯ ಮನೆಗಳವರೂ ಸಭೆಯ ಹಿರಿಯರೂ ಕೂತು ಒಂದು ಕಾಗದ ಬರೆದುಕೊಂಡರು. ಮೂರು ಜನರಿಲ್ಲದೆ ತೊಟ್ಟಿ ತುಂಬಿಸುವಂತಿಲ್ಲ.

"ತಾತ ಒಬ್ಬರು, ಆ ನರ್ಸ್ ಹುಡುಗಿ ಒಬ್ಬಳು," ಅಂದರು ಪಾಸ್ಟರು. "ಎರಡು ಹೆಸರಾಯ್ತು."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು.

"ಕೊನೆ ಮನೆಯವರನ್ನ ಕೇಳಿ ನೋಡಿದ್ರಾ?"

"ಕೇಳ್ದೆ. ಈ ಬೇಸಿಗೇಲಿ ಮೂರು ಜನಕ್ಕೆ ಬಿಡೋದೇ ಹೆಚ್ಚು ಅಂದ್ರು."

"ಡ್ಯಾಮಿಗೆ ಕರ್ಕೊಂಡು ಹೋಗಿ."

"ಅಲ್ಲೀಗ ಮೊಣಕಾಲುದ್ದ ಕೆಸರು, ಸಿಸ್ಟರ್. ನೀರು ಎಲ್ಲೋ ನಡುಮಧ್ಯೆ ಇದೆ."

ನಾನು ಯೋಚಿಸಲಿಲ್ಲ. ಯೋಚನೆ ಹುಟ್ಟುವ ಜಾಗ ಏಳು ತಿಂಗಳಿಂದ ಖಾಲಿ ಬಿದ್ದಿತ್ತು.

"ನನ್ನ ಹೆಸರು ಬರ್ಕೊಳ್ಳಿ. ಆದ್ರೆ ನಾನು ಕೊನೇಲಿ ಇಳೀತೀನಿ."

"ಸಿಸ್ಟರ್, ನೀವು ಮನಸ್ಸಿಂದ..."

"ಹೆಸರು ಕೇಳಿದ್ರಿ, ಕೊಟ್ಟೆ. ಮನಸ್ಸು ಕೇಳ್ಬೇಡಿ."

ಅವರು ಲೋಟವನ್ನು ಕೈಯಲ್ಲಿ ಒಮ್ಮೆ ತಿರುಗಿಸಿದರು. ಆಮೇಲೆ ಅವರ ಮುಖ ಬೆಳಗಿತು. ಅವರು ಕೆಟ್ಟ ಮನುಷ್ಯರಲ್ಲ. "ದೇವರು ಬೇಗ ಬರೋದೂ ಇಲ್ಲ, ತಡವಾಗಿ ಬರೋದೂ ಇಲ್ಲ," ಅಂದರು. ಗಂಡನನ್ನು ಮಣ್ಣು ಮಾಡಿದ ದಿನವೂ ಇದೇ ಮಾತು ಹೇಳಿದ್ದರು.

ಅತ್ತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. "ನನ್ನ ಮಗ ಮುಳುಗದೇ ಹೋದ್ನಲ್ಲ ಪಾಸ್ಟರೇ. ಅವನ ಹೊತ್ತಿಗೆ ದೇವರು ಎಲ್ಲಿಗೆ ಹೋಗಿದ್ದ?"

"ಅಮ್ಮಾ, ಎಷ್ಟು ಸಲ ಹೇಳಿದ್ದೀನಿ. ದೇವರು ಮನಸ್ಸು ನೋಡ್ತಾನೆ."

"ಮನಸ್ಸೇ ಸಾಕು ಅಂದ್ರೆ ತೊಟ್ಟಿ ಯಾಕೆ ಕಟ್ಟಿಸಿದ್ರಿ?"

ಪಾಸ್ಟರು ಲೋಟ ಕೆಳಗಿಟ್ಟರು. ಅತ್ತೆ ಅದನ್ನು ಎತ್ತಿಕೊಂಡು ಒಳಗೆ ಹೋಗುತ್ತ, ಯಾರಿಗೂ ಅಲ್ಲವೆಂಬಂತೆ ಅಂದರು: "ಊರಿಗೆಲ್ಲಾ ಟೈಮಿಗೆ ಸರಿಯಾಗಿ ನೀರು ಬಿಟ್ಟ. ತಾನು ಇಳಿಯೋಕೆ ನೀರಿರ್ಲಿಲ್ಲ."

*

ಅವನು ನನ್ನೊಂದಿಗೆ ಆಡಿದ ಮೊದಲ ಮಾತೂ ಹೊತ್ತಿನದೇ. ನಾನು ಆಗ ಈ ಬೀದಿಯ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಸಾಲಿನಲ್ಲಿ ನಿಂತ ಜನ ಎಷ್ಟು ಹೊತ್ತು ಕಾಯುತ್ತಾರೆ, ಯಾವಾಗ ಬಿಟ್ಟು ಹೋಗುತ್ತಾರೆ ಎನ್ನುವುದು ನನ್ನ ವಿಷಯ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕಚೇರಿಗೆ ಮೂರು ದೂರು ಬರೆದೆ. ಮೂರನೆಯದಕ್ಕೆ ಅವನು ಬಂದ. ನಲ್ಲಿ ತಿರುಗಿಸಿ ನೋಡಿದ. ಕೈಗಡಿಯಾರ ನೋಡಿದ. ಒಂಬತ್ತು ಗಂಟೆ.

"ನೀರು ಬರುತ್ತೆ ಮೇಡಂ. ನೀವು ಏಳಲ್ಲ, ಅಷ್ಟೆ."

ಮರುದಿನ ಐದೂಕಾಲಿಗೆ ಎದ್ದು ನಲ್ಲಿ ತಿರುಗಿಸಿದೆ. ಬಂತು. ಕಿಟಕಿಯಿಂದ ಬಗ್ಗಿದರೆ ಅವನು ಗುಂಡಿಯ ಪಕ್ಕ ಚಾವಿ ಹಿಡಿದು ನಿಂತು ಮೇಲೆ ನೋಡುತ್ತಿದ್ದ. ಬೀದಿಯವರು ಅವನಿಗೆ 'ಐದೂಕಾಲು' ಎಂದೇ ಹೆಸರಿಟ್ಟಿದ್ದರು. ಐದು ಹದಿನಾರು ಆದದ್ದನ್ನು ಯಾರೂ ಕಂಡಿರಲಿಲ್ಲ.

ದೀಕ್ಷಾಸ್ನಾನದ ವಿಷಯದಲ್ಲಿ ಮಾತ್ರ ಅವನಿಗೆ ಹೊತ್ತು ಕೂಡಿ ಬರಲಿಲ್ಲ. ಹದಿನೆಂಟಕ್ಕೆ ಹೆಸರು ಕೊಟ್ಟಾಗ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಆಮೇಲೆ ಮಾವ ತೀರಿಕೊಂಡರು. ಆಮೇಲೆ ಕೆಲಸದ ಅಲೆದಾಟ. ನಮ್ಮ ಮದುವೆಯಾದ ವರ್ಷ ಮತ್ತೆ ಹೆಸರು ಕೊಟ್ಟ. ಪಟ್ಟಿಯಲ್ಲಿ ಅವನದೊಂದು, ಟೈಲರ್ ತಾತನದೊಂದು. ಮೂರನೆಯ ಗೆರೆ ಖಾಲಿ.

ನಾನು ಯಾವ ದೇವರೂ ಇಲ್ಲದ ಮನೆಯಲ್ಲಿ ಬೆಳೆದವಳು. ಭಾನುವಾರಗಳಲ್ಲಿ ಅವನ ಜೊತೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಅವನು ಒಮ್ಮೆಯೂ ಒತ್ತಾಯಿಸಲಿಲ್ಲ. ಒಂದು ಸಲ ಊಟಕ್ಕೆ ಕೂತಾಗ ಕೇಳಿದ.

"ನಿನ್ನ ಲೆಕ್ಕದ ಪ್ರಕಾರ ಮನುಷ್ಯ ಎಷ್ಟು ಹೊತ್ತು ಕಾಯ್ತಾನೆ?"

"ಸಾಲು ಮುಂದೆ ಸರೀತಿದ್ರೆ ತುಂಬಾ ಹೊತ್ತು."

"ಸರೀದೇ ಇದ್ರೆ?"

"ಬಿಟ್ಟು ಹೋಗ್ತಾನೆ."

"ಇದಕ್ಕೆ ಪಿಎಚ್.ಡಿ. ಬೇರೆ ಕೊಡ್ತಾರಾ?" ಅಂದ. "ನಿನ್ನ ಲೆಕ್ಕ ತಪ್ಪು."

ಕಳೆದ ವರ್ಷ ಒಂದು ಮಧ್ಯಾಹ್ನ ಅವನಿಗೆ ಊಟದ ಡಬ್ಬಿ ತೆಗೆದುಕೊಂಡು ಸಭೆಗೆ ಹೋದೆ. ಯಾರೂ ಇರಲಿಲ್ಲ. ವೇದಿಕೆಯ ಹಲಗೆಗಳು ಪಕ್ಕಕ್ಕೆ ಒರಗಿದ್ದವು. ಅವನು ಖಾಲಿ ತೊಟ್ಟಿಯೊಳಗೆ ಕುಕ್ಕರುಗಾಲಲ್ಲಿ ಕೂತು, ನೀರು ಹೊರಹೋಗುವ ಪೈಪಿಗೆ ಹೊಸ ವಾಷರ್ ಹಾಕುತ್ತಿದ್ದ. ನಾನು ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಯಾರೊಂದಿಗೋ ಮಾತಾಡುತ್ತಿದ್ದ. "ಇದೊಂದು ಸ್ವಲ್ಪ ಬಿಗಿ ಆಗ್ಲಪ್ಪಾ. ಮಿಕ್ಕಿದ್ದು ಆಮೇಲೆ ನೋಡೋಣ. ನೀನೂ ಸ್ವಲ್ಪ ಕೈ ಹಾಕು." ಜೊತೆ ಕೆಲಸದವನಿಗೆ ಹೇಳುವ ಹಾಗೆ. ಕಣ್ಣಿಗೆ ಕಾಣದಿದ್ದರೂ ಆ ಜೊತೆ ಕೆಲಸದವನು ಅಲ್ಲಿದ್ದ. ನಾನು ಬೆಂಚಿನ ಮೇಲೆ ಕೂತೆ. ಡಬ್ಬಿ ತೊಡೆಯ ಮೇಲೆ ಬಿಸಿಯಾಗಿತ್ತು. ಅರ್ಧ ಗಂಟೆಯಲ್ಲಿ ನಾನು ನಂಬಿದೆ. ಹೇಗೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಆ ವಾಷರ್ ಕೂತ ಹಾಗೆ ಕೂತಿತು.

ಆಗಲೇ ಹೇಳಬಹುದಿತ್ತು. ಅವನು ತೊಟ್ಟಿಯಿಂದ ಮೇಲೆ ಬಂದು, "ಏನು, ಮುಖ ಹಾಗಿದೆ?" ಎಂದು ಕೇಳಿದ್ದ ಕೂಡ. "ಸೆಕೆ," ಅಂದೆ. ಹನ್ನೊಂದು ದಿನಕ್ಕೆ ಅವನ ಹುಟ್ಟುಹಬ್ಬವಿತ್ತು. ಆ ದಿನ ಹೇಳಬೇಕು, ಅದೇ ಸರಿಯಾದ ಹೊತ್ತು ಎಂದುಕೊಂಡೆ. ಒಂದು ಚೀಟಿಯಲ್ಲಿ ನನ್ನ ಹೆಸರು ಬರೆದು, ಮಡಚಿ, ಪ್ರಬಂಧದ ಕರಡಿನೊಳಗೆ ಇಟ್ಟೆ.

ಮೂರನೆಯ ದಿನ ಬೆಳಗ್ಗೆ ಅವನು ರಸ್ತೆಯ ತಿರುವಿನ ಗುಂಡಿಯ ಮೇಲೆ ಬಗ್ಗಿ ವಾಲ್ವ್ ತಿರುಗಿಸುತ್ತಿದ್ದಾಗ ಹಾಲಿನ ವ್ಯಾನು ಬಂತು. ಅದು ದಿನಾ ಬರುತ್ತಿದ್ದದ್ದು ಐದು ಇಪ್ಪತ್ತೈದಕ್ಕೆ. ಅಂದು ಹತ್ತು ನಿಮಿಷ ಮೊದಲೇ ಬಂದಿತ್ತು. ಅವನು ಮಾತ್ರ ಸರಿಯಾದ ಹೊತ್ತಿಗೇ ಅಲ್ಲಿದ್ದ.

ಸ್ಮಶಾನದಿಂದ ಬಂದು ಕೈಕಾಲು ತೊಳೆಯುವಾಗ ಒಳಗೆ ನೋಡಿಕೊಂಡೆ. ಕೂತಿದ್ದ ನಂಬಿಕೆ ಅಲ್ಲಿರಲಿಲ್ಲ. ಅದಕ್ಕೂ ಅಳಲಿಲ್ಲ. ಚೀಟಿಯ ವಿಷಯ ಯಾರಿಗೂ ಹೇಳಲಿಲ್ಲ.

*

ಬುಧವಾರ ದೀಕ್ಷಾಸ್ನಾನಕ್ಕೆ ಹಾಕುವ ಗೌನು ನೋಡಲು ಟೈಲರ್ ತಾತನ ಅಂಗಡಿಗೆ ಹೋದೆ. ಒಂದೇ ಕೋಣೆ, ಒಂದು ಹೊಲಿಗೆ ಯಂತ್ರ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಅಳತೆಪಟ್ಟಿಗಳು. ಅವರ ಧ್ವನಿ ಆಗಲೇ ತಗಡು ಉಜ್ಜಿದ ಹಾಗಾಗಿತ್ತು.

"ಬಾಮ್ಮಾ ಪಂಡಿತೆ, ಕೂತ್ಕೋ. ಇನ್ನು ಆರು ದಿನ ಬಾಯಿ ನನ್ನದು. ಆಮೇಲೆ ಗಿರಾಕಿಗಳಿಗೆ ಹಬ್ಬ. 'ತೋಳು ಗಿಡ್ಡ ಆಯ್ತು' ಅಂತ ಬೈದು ಓಡಿಹೋಗ್ಬಹುದು, ತಿರುಗಿಸಿ ಬೈಯೋರು ಇರಲ್ಲ."

"ಬರೆದು ಬೈಯಿರಿ ತಾತ."

"ಬರೆಯೋಷ್ಟರಲ್ಲಿ ಕೋಪ ಇಳಿದುಹೋಗುತ್ತಲ್ಲೇ! ಬೈಗುಳ ಬಿಸಿಯಾಗಿದ್ರೇನೇ ಚೆಂದ."

ಕಪಾಟಿನಿಂದ ಬಿಳಿಯ ಗೌನೊಂದನ್ನು ತೆಗೆದು ನನ್ನ ಭುಜಕ್ಕೆ ಹಿಡಿದರು. ತೋಳು ಸರಿಯಾಗಿ ಮಣಿಕಟ್ಟಿಗೆ ಬಂತು.

"ನಾನು ಅಳತೆ ಕೊಟ್ಟಿರ್ಲಿಲ್ವಲ್ಲ."

"ನಿನ್ನ ಗಂಡ ತಂದ. ನಿನ್ನದೊಂದು ಹಳೇ ನೀಲಿ ಅಂಗಿ. ಒಂದೂವರೆ ವರ್ಷ ಆಯ್ತು."

ಆ ನೀಲಿ ಅಂಗಿಯನ್ನು ನಾನು ಮನೆಯೆಲ್ಲ ಹುಡುಕಿದ್ದೆ. ಅವನೂ ನನ್ನ ಜೊತೆ ಹುಡುಕಿದ್ದ, ಮಂಚದ ಕೆಳಗೆಲ್ಲ ಬಗ್ಗಿ.

"ಸೊರಗಿಬಿಟ್ಟಿದ್ದೀಯ," ಎಂದು ತಾತ ಸೊಂಟದ ಬಳಿ ಎರಡು ಪಿನ್ನು ಚುಚ್ಚಿದರು. ಆಮೇಲೆ ಇನ್ನೊಂದು ಗೌನು ತೆಗೆದು ಮೇಜಿನ ಮೇಲೆ ಹರವಿದರು. ಅದು ಉದ್ದವಾಗಿತ್ತು. ಮೇಜಿನ ಎರಡೂ ಕಡೆ ಜೋತುಬಿತ್ತು.

"ಇದು ಅವನದು. ನರ್ಸ್ ಹುಡುಗಿಗೆ ಹೊಸದು ಹೊಲಿಯೋಕೆ ನನ್ನ ಹತ್ರ ದಿನ ಇಲ್ಲ. ಇದನ್ನೇ ಕತ್ತರಿಸಿ ಸಣ್ಣ ಮಾಡ್ಲಾ? ಬೇಡ ಅನ್ನಿಸಿದ್ರೆ ಹೇಳ್ಬಿಡು ಮಗಳೇ, ಬೇರೆ ದಾರಿ ಹುಡುಕೋಣ."

"ಕತ್ತರಿಸಿ."

ಅವರು ಕತ್ತರಿ ಎತ್ತಿಕೊಂಡರು. ಗೌನಿನ ಕೆಳ ಅಂಚನ್ನು ಬಿಚ್ಚಿದಾಗ ಮಡಿಕೆಯೊಳಗಿನಿಂದ ಸೀಸದ ಗುಂಡುಗಳು ಮೇಜಿನ ಮೇಲೆ ಉರುಳಿದವು. ಬೀಸುಬಲೆಗೆ ಕಟ್ಟುವಂಥವು. ನೀರಿಗಿಳಿದಾಗ ಬಟ್ಟೆ ತೇಲಿ ಮೇಲೆ ಬಂದು ಮಾನ ಕಳೆಯಬಾರದೆಂದು ಅಂಚಿನಲ್ಲಿಟ್ಟು ಹೊಲಿಯುತ್ತಾರೆ. ತಾತ ಅವನ್ನು ಒಂದೊಂದಾಗಿ ಬೆರಳಿಂದ ಒತ್ತಿ ಹಿಡಿದು ಕೂಡಿಸಿದರು.

"ಹನ್ನೆರಡು. ಆ ಹುಡುಗಿಗೆ ಎಂಟು ಸಾಕು. ಮಿಕ್ಕ ನಾಲ್ಕು ನಿನ್ನದಕ್ಕೆ ಹಾಕ್ತೀನಿ. ನೀನು ಹೀಗೆ ಕಡ್ಡಿ ಆಗಿದ್ದೀಯ, ಗೌನು ಬಲೂನಾಗುತ್ತೆ."

ಕತ್ತರಿ ಬಟ್ಟೆಯ ಮೇಲೆ ನಡೆಯಿತು. ನಾನು ಗೋಡೆಯ ಅಳತೆಪಟ್ಟಿಗಳನ್ನು ನೋಡುತ್ತ ಕೂತೆ. ತಾತ ತಲೆಯೆತ್ತದೆ ಮಾತಾಡಿದರು.

"ಒಂದು ವಿಷಯ ಹೇಳ್ಬೇಕು. ಹೇಳ್ಬಾರದೋ ಏನೋ ಗೊತ್ತಿಲ್ಲ. ಆದ್ರೆ ಮಂಗಳವಾರ ಆದ್ಮೇಲೆ ಹೇಳೋಕಾಗಲ್ಲ."

"ಹೇಳಿ."

"ಹೋದ ಮಳೆಗಾಲದಲ್ಲಿ ಡ್ಯಾಮ್ ತುಂಬಿತ್ತಲ್ಲ. ಪಾಸ್ಟರು ನಮ್ಮಿಬ್ಬರನ್ನ ಎರಡು ಸಲ ಕರೆದ್ರು. ತೊಟ್ಟಿ ಯಾಕೆ, ಬನ್ನಿ ಅಲ್ಲೇ ಮುಗಿಸೋಣ ಅಂತ. ನಾನು ಟವೆಲ್ ಕೂಡ ಎತ್ತಿಟ್ಟಿದ್ದೆ. ಇವನು ಬೇಡ ಅಂದ."

"ಯಾಕೆ?"

"'ತಾತ, ಸ್ವಲ್ಪ ಕಾಯೋಣ,' ಅಂದ. 'ಅವಳು ಹತ್ತಿರ ಬಂದಿದ್ದಾಳೆ. ಈಗ ನಾವಿಬ್ರೂ ಮುಳುಗಿ ಎದ್ದುಬಿಟ್ರೆ ಪಟ್ಟಿ ಖಾಲಿ. ನಾಳೆ ಅವಳು ಹ್ಞೂಂ ಅಂದ್ರೆ ಅವಳೊಬ್ಬಳಿಗೆ ಯಾರು ತೊಟ್ಟಿ ತುಂಬಿಸ್ತಾರೆ? ಡ್ಯಾಮ್ ಅಷ್ಟು ಹೊತ್ತಿಗೆ ಒಣಗಿರುತ್ತೆ. ನಾವಿಬ್ರು ಇದ್ರೆ ಅವಳು ಮೂರನೆಯವಳು.' ನಾನೂ ಸರಿ ಅಂದೆ. ನನಗೇನು, ಗಂಟಲು ಆಗ ಚೆನ್ನಾಗಿತ್ತು."

ಅವನು ನನಗಾಗಿ ಸಾಲಿನಲ್ಲಿ ಜಾಗ ಹಿಡಿದಿದ್ದ.

"ನಿನ್ನ ತಪ್ಪು ಅಂತ ಹೇಳ್ತಿಲ್ಲ ಕಣಮ್ಮಾ."

"ಗೊತ್ತು ತಾತ."

"ಅಳೋ ಹಾಗಿದ್ರೆ ಅಳು. ಅಂಗಡಿ ಬಾಗಿಲು ಹಾಕ್ತೀನಿ."

"ಬರ್ತಿಲ್ಲ."

ಅವರು ನನ್ನನ್ನು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಸೂಜಿಗೆ ದಾರ ಪೋಣಿಸಿದರು. ನಾಲ್ಕು ಗುಂಡುಗಳನ್ನು ನನ್ನ ಗೌನಿನ ಅಂಚಿಗೆ ಹಾಕಿ ಹೊಲಿದರು.

*

ಗುರುವಾರ, ಶುಕ್ರವಾರ, ಶನಿವಾರ ನಾನೇ ಚಾವಿ ತೆಗೆದುಕೊಂಡು ಹೋದೆ. ಅವನ ಜಾಗಕ್ಕೆ ಬಂದಿರುವವನ ಹತ್ತಿರ ಬೇರೆ ಚಾವಿ ಇದೆ, ಆದರೆ ಅವನು ಆರಕ್ಕೆ ಮೊದಲು ಬರುವುದಿಲ್ಲ. ಹಾಗಾಗಿ ಮೊದಲು ಬೀದಿಯ ವಾಲ್ವ್, ಆಮೇಲೆ ಸಭೆಯ ಗೇಟಿನ ಬಳಿಯದು. ಹನ್ನೊಂದು ಸುತ್ತು, ಕೊನೆಗೆ ಅರ್ಧ ಸುತ್ತು ಹಿಂದಕ್ಕೆ. ಹಾಗೆ ಬಿಟ್ಟರೆ ಮಾತ್ರ ಸಿಕ್ಕಿಕೊಳ್ಳುವುದಿಲ್ಲ. ಅವನು ಊಟ ಮಾಡುವಾಗ ಕೈಯಲ್ಲಿ ತೋರಿಸಿದ್ದು ನೆನಪಿತ್ತು. ತಿರುವಿನ ಗುಂಡಿಯ ಮೇಲೆ ನಾನೂ ಬಗ್ಗಿದೆ. ಹಾಲಿನ ವ್ಯಾನು ಐದು ಇಪ್ಪತ್ತೈದಕ್ಕೆ ಬಂತು. ಡ್ರೈವರು ಹೊಸಬ. ಹಾರ್ನ್ ಹೊಡೆದು ಸುತ್ತಿ ಹೋದ.

ಕೊನೆಯ ಮನೆಯ ಹೆಂಗಸು ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ ಐದೂಕಾಲಮ್ಮಾ, ನೀವು ಸ್ವರ್ಗಕ್ಕೆ ಹೋಗೋಕೆ ನಮ್ಮ ಬಕೆಟ್ ಯಾಕ್ರೀ ಖಾಲಿ ಆಗ್ಬೇಕು?"

"ಮೂರು ದಿನ ಅಷ್ಟೆ."

"ಮೂರು ದಿನ ನಮ್ಮ ಮನೆ ಪಾತ್ರೆ ನಿಮ್ಮ ದೇವರು ತೊಳೀತಾನಾ? ಜನ ಮೂರು ತಾನೆ? ಎಣಿಸ್ತೀನಿ ನಾನು."

"ಎಣಿಸಿ."

ಮೊದಲ ದಿನ ನೀರು ಪಾದದಿಂದ ಮೊಣಕಾಲಿಗೆ ಬಂತು. ಎರಡನೆಯ ದಿನ ಸೊಂಟ. ಮೂರನೆಯ ದಿನ ಎದೆ. ಅವನು ಹಾಕಿದ ವಾಷರಿನಿಂದ ಒಂದು ಹನಿಯೂ ಸೋರಲಿಲ್ಲ. ಶನಿವಾರ ಏಳಕ್ಕೆ ವಾಲ್ವ್ ಮುಚ್ಚಿ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಚಾವಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಸಿದರು.

"ನೀನಾದ್ರೂ ಇಳೀತಿದ್ದೀಯಲ್ಲ," ಅಂದರು. "ಅವನು ಇದ್ದಿದ್ರೆ ಕುಣಿದಾಡ್ತಿದ್ದ." ಏಳು ತಿಂಗಳಲ್ಲಿ ಅವರು ನನ್ನ ತಲೆ ಮುಟ್ಟಿದ್ದು ಅದೇ ಮೊದಲು.

ಆ ಕೈಯ ಕೆಳಗೆ ನಿಂತು ನಾನು ತೀರ್ಮಾನಿಸಿದೆ. ಒಂದೇ ಮಾತು ತಾನೇ, ಹೇಳಿಬಿಡುವುದು. ಒಬ್ಬ ಮುದುಕನಿಗೆ ಗಂಟಲು ಹೋಗುವ ಮುಂಚೆ ನೀರು ಸಿಗುತ್ತದೆ. ಒಬ್ಬ ತಾಯಿಗೆ ಸ್ವಲ್ಪ ಸಮಾಧಾನವಾಗುತ್ತದೆ. ಸುಳ್ಳಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

*

ಭಾನುವಾರ ಬೆಂಚುಗಳು ತುಂಬಿದ್ದವು. ಅತ್ತೆ ಎಂದಿಗಿಂತ ಮುಂದೆ, ಎರಡನೆಯ ಸಾಲಿನಲ್ಲಿ ಕೂತಿದ್ದರು. ಕೊನೆಯ ಮನೆಯ ಹೆಂಗಸು ಚಪ್ಪಲಿ ಬಿಡದೆ ಬಾಗಿಲ ಹೊರಗೆ ನಿಂತಿದ್ದಳು.

ತಾತ ಮೊದಲು ಇಳಿದರು. ನೀರು ತಣ್ಣಗಿತ್ತು, ಅವರ ಉಸಿರು ಸಿಕ್ಕಿಕೊಂಡದ್ದು ಹಿಂದಿನವರೆಗೂ ಕೇಳಿಸಿತು. ಪಾಸ್ಟರು ಎದೆಮಟ್ಟದ ನೀರಿನಲ್ಲಿ ನಿಂತು ಅವರ ಬೆನ್ನಿಗೆ ಕೈಯಿಟ್ಟು ಕೇಳಿದರು.

"ನೀವು ನಂಬ್ತೀರಾ?"

"ನಂಬ್ತೀನಿ," ಅಂದರು ತಾತ. ಧ್ವನಿ ಸೀಳಿತು. ಕೆಮ್ಮಿದರು. ಪಾಸ್ಟರು ಅವರನ್ನು ಮುಳುಗಿಸಲು ಬಗ್ಗಿದರು. ತಾತ ಕೈಯೆತ್ತಿ ತಡೆದರು. "ಇರ್ರೀ, ಸರಿಯಾಗಿ ಬರ್ಲಿಲ್ಲ. ನಂಬ್ತೀನಿ!" ಕೂಗಿದರು. ಯಾರೋ ನಕ್ಕರು. "ಇನ್ನೊಂದ್ಸಲ. ಆಮೇಲೆ ಹೇಳೋಕೆ ಆಗಲ್ಲ ನೋಡಿ. ನಂಬ್ತೀನಿ!"

ಮುಳುಗಿ ಎದ್ದರು. ಮುಖದಿಂದ ನೀರು ಸುರಿಯುತ್ತಿತ್ತು. ಕತ್ತಿನ ಮೇಲೆ, ಡಾಕ್ಟರು ಪೆನ್ನಿನಿಂದ ಗುರುತು ಮಾಡಿದ್ದ ಕಡೆ, ನೀಲಿ ಶಾಯಿ ಸ್ವಲ್ಪ ಹರಡಿತ್ತು.

ನರ್ಸ್ ಹುಡುಗಿ ಇಳಿದಳು. ಅವನ ಗೌನು ಅವಳಿಗೆ ಚೆನ್ನಾಗಿ ಒಪ್ಪಿತ್ತು. ಮೆಲ್ಲಗೆ ಹೇಳಿದಳು, ಮುಳುಗಿದಳು, ಎದ್ದಳು.

ಆಮೇಲೆ ನಾನು. ನಾಲ್ಕು ಮೆಟ್ಟಿಲು. ಗೌನು ಒದ್ದೆಯಾಗಿ ಭಾರವಾಯಿತು. ಅಂಚು ತೇಲಲಿಲ್ಲ, ಸೀಸದ ಗುಂಡುಗಳು ಅದನ್ನು ಕಾಲಿನ ಸುತ್ತ ಕೆಳಗೆ ಎಳೆದು ಹಿಡಿದವು. ಕಾಲಡಿಗೆ ಪೈಪಿನ ಬಾಯಿಯ ಜಾಲರಿ ಮುಚ್ಚಳ ಸಿಕ್ಕಿತು. ಅವನು ಕುಕ್ಕರುಗಾಲಲ್ಲಿ ಕೂತಿದ್ದ ಜಾಗ.

"ನೀವು ನಂಬ್ತೀರಾ, ಸಿಸ್ಟರ್?"

ನಿನ್ನೆಯಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಎರಡನೆಯ ಸಾಲಿನಲ್ಲಿ ಅತ್ತೆಯ ತುಟಿಗಳು ನನ್ನ ಬದಲು ಆಗಲೇ ಅದನ್ನು ಹೇಳುತ್ತಿದ್ದವು. ಬೆಂಚಿನ ತುದಿಯಲ್ಲಿ ತಾತ ಟವೆಲ್ ಹೊದ್ದು ನಡುಗುತ್ತ ಕೂತಿದ್ದರು. ಅವರ ಕೆಲಸ ಮುಗಿದಿತ್ತು. ಅವರಿಗಾಗಿ ಬೇ‌ಕಾಗಿದ್ದ ಸುಳ್ಳು ಇನ್ನು ಬೇಕಿರಲಿಲ್ಲ. ಪೈಪಿನ ಮುಚ್ಚಳ ಪಾದಕ್ಕೆ ತಣ್ಣಗೆ ಒತ್ತುತ್ತಿತ್ತು. ಈ ತೊಟ್ಟಿಯಲ್ಲಿ ಅವನು ಮಾತಾಡಿದ್ದು ನಿಜವಾದ ಮಾತು. ಅದೇ ಜಾಗದಲ್ಲಿ ನಿಂತು ಇನ್ನೊಂದು ಬಗೆಯ ಮಾತು ಹೊರಡಲಿಲ್ಲ.

"ನಂಬಿದ್ದೆ," ಅಂದೆ. "ಹೋದ ವರ್ಷ."

ಪಾಸ್ಟರ ಕೈ ನನ್ನ ಬೆನ್ನ ಮೇಲೆ ಹಾಗೇ ನಿಂತಿತು. ಅವರು ನನಗೆ ಮಾತ್ರ ಕೇಳುವ ಹಾಗೆ ಅಂದರು: "ಪರ್ವಾಗಿಲ್ಲ ಸಿಸ್ಟರ್. ಇನ್ನೊಂದ್ಸಲ ಕೇಳ್ತೀನಿ. ಸಮಯ ತಗೊಳ್ಳಿ. ಕಾಯ್ತೀವಿ."

"ಬೇಡ. ನನಗೋಸ್ಕರ ಯಾರೂ ಕಾಯೋದು ಬೇಡ."

ಮೆಟ್ಟಿಲು ಹತ್ತಿ ಮೇಲೆ ಬಂದೆ. ಗೌನಿನಿಂದ ನೀರು ಸುರಿದು ಹಲಗೆಯ ಮೇಲೆ ಹರಡಿತು. ತಲೆ ಒಣಗಿಯೇ ಇತ್ತು. ಬಾಗಿಲಿನಿಂದ ಕೊನೆಯ ಮನೆಯ ಹೆಂಗಸಿನ ಧ್ವನಿ ಬಂತು.

"ಮೂರು ಅಂದಿದ್ರಿ. ಎರಡೇ ತಲೆ ಒದ್ದೆ ಆಗಿರೋದು."

"ಮೂರು ಜನ ಇಳಿದಿದ್ದೀವಿ," ಅಂದೆ. "ಕಾಗದದಲ್ಲಿ ತಲೆ ಅಂತ ಬರ್ದಿಲ್ಲ."

ತಾತನ ಗಂಟಲಿನಿಂದ ನಗುವಿನಂಥದೊಂದು ಹೊರಟು ಕೆಮ್ಮಾಯಿತು. ಅವರು ಟವೆಲಿನ ಒಂದು ತುದಿಯನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. "ಮಗಳೇ," ಎಂದು ಇನ್ನೇನೋ ಹೇಳಹೊರಟರು. ಧ್ವನಿ ಬರಲಿಲ್ಲ. ಮೂರು ಸಲ ಕೂಗಿ ಅದು ಮುಗಿದುಹೋಗಿತ್ತು.

*

ಎಲ್ಲರೂ ಹೋದ ಮೇಲೆ ತೊಟ್ಟಿ ಖಾಲಿ ಮಾಡುವ ಕೆಲಸ ಉಳಿದಿತ್ತು. ಅದೂ ಅವನ ಕೆಲಸವೇ. ಬಟ್ಟೆ ಬದಲಿಸಿ, ಹಿಂದಿನ ಗೋಡೆಯ ಬಳಿ ಹೋಗಿ ಹೊರಪೈಪಿನ ವಾಲ್ವಿಗೆ ಚಾವಿ ಇಟ್ಟೆ. ಕೊನೆಯ ಮನೆಯ ಹೆಂಗಸು ಎರಡು ಬಕೆಟ್ ಹಿಡಿದು ಅಲ್ಲಿಗೇ ಬಂದಳು.

"ಎಲ್ಲಾ ಚರಂಡಿಗೇ ಬಿಡ್ತೀರಾ?"

"ಬೇಕಾದ್ರೆ ತಗೊಳ್ಳಿ. ನಾವು ಇಳಿದಿರೋ ನೀರು."

"ನೆಲ ಒರೆಸೋಕೆ ಸಾಕು." ಬಕೆಟನ್ನು ಪೈಪಿನ ಬಾಯಿಗೆ ಹಿಡಿದಳು. ಎರಡೂ ತುಂಬಿದ ಮೇಲೆ ನನ್ನ ಮುಖ ಒಮ್ಮೆ ನೋಡಿ, ಬಕೆಟ್ ಎತ್ತಿಕೊಂಡು ಹೋದಳು.

ಅತ್ತೆ ಮಾತ್ರ ಸಭೆಯೊಳಗೇ ಕೂತಿದ್ದರು, ಎರಡನೆಯ ಸಾಲಿನಲ್ಲಿ, ಬ್ಯಾಗು ತೊಡೆಯ ಮೇಲೆ. ನಾನು ಒಳಗೆ ಹೋಗಿ ತೊಟ್ಟಿಯ ಅಂಚಿನಲ್ಲಿ ನಿಂತೆ. ನೀರು ಎದೆಯಿಂದ ಸೊಂಟಕ್ಕೆ ಇಳಿದಿತ್ತು. ನಡುವಿನಲ್ಲಿ ಸಣ್ಣ ಸುಳಿ ತಿರುಗುತ್ತಿತ್ತು. ಮೂರು ಬೆಳಗು ಬಂದದ್ದು ಮುಕ್ಕಾಲು ಗಂಟೆಯಲ್ಲಿ ಹೋಗುತ್ತದೆ.

"ಹೋದ ವರ್ಷ ಅಂದ್ಯಲ್ಲ," ಅಂದರು ಅತ್ತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಯಾವಾಗ?"

"ಅವನು ಹೋಗೋ ಮೂರು ದಿನ ಮುಂಚೆ."

"ಇಲ್ಲೇನಾ?"

"ಇಲ್ಲೇ. ಆ ಬೆಂಚಲ್ಲಿ."

ಅವರು ತಿರುಗಿ ಆ ಬೆಂಚನ್ನು ನೋಡಿದರು. ಬಹಳ ಹೊತ್ತು ನೋಡಿದರು. ನೀರು ಮೊಣಕಾಲಿಗೆ ಇಳಿಯಿತು.

"ಅವನಿಗೆ ಹೇಳಿದ್ಯಾ?"

ನಾನು ಏನಾದರೂ ಹೇಳಬಹುದಿತ್ತು. ಅವರ ಮುಖ ನನ್ನ ಕಡೆ ತಿರುಗಿತ್ತು. ಈ ಒಂದು ಸುಳ್ಳಿಗಾದರೂ ಇನ್ನೂ ಹೊತ್ತು ಮೀರಿರಲಿಲ್ಲ.

"ಇಲ್ಲ ಅತ್ತೆ," ಅಂದೆ. "ಅವನ ಹುಟ್ಟುಹಬ್ಬಕ್ಕೆ ಹೇಳೋಣ ಅಂತ ಇಟ್ಕೊಂಡಿದ್ದೆ."

ಅತ್ತೆ ತಲೆಯಾಡಿಸಿದರು. ಬ್ಯಾಗಿನ ಜಿಪ್ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಳಗಿನಿಂದ ಏನನ್ನೂ ತೆಗೆಯಲಿಲ್ಲ. ಆಮೇಲೆ ಎದ್ದು, ಬಾಗಿಲ ಬಳಿ ಒರಗಿಸಿದ್ದ ಚಾವಿಯನ್ನು ಎತ್ತಿಕೊಂಡು, ನನಗಾಗಿ ಕಾಯದೆ ಬೀದಿಗಿಳಿದು ನಡೆದರು. ಚಾವಿಯ ತುದಿ ರಸ್ತೆಗೆ ತಾಗುವ ಸದ್ದು ತಿರುವಿನವರೆಗೂ ಕೇಳಿಸಿತು.

ತೊಟ್ಟಿಯ ತಳ ಕಂಡಿತು. ಪೈಪು ಕೊನೆಯ ನೀರನ್ನು ಗೊರಗೊರ ಎಳೆದುಕೊಂಡು ಸುಮ್ಮನಾಯಿತು. ನಾನು ಕೆಳಗಿಳಿದು, ಉಳಿದ ಒದ್ದೆಯನ್ನು ಬಟ್ಟೆಯಿಂದ ಒರೆಸಿ, ಮೇಲೆ ಬಂದು ಹಲಗೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಇಟ್ಟೆ.